ಸ್ಯಾಕ್ಸೋಫೋನ್ ಹಿಡಿದರೆ ಹೆಬ್ಬೆರಳು ಯಾಕೆ ನೋಯುತ್ತೆ?

ಇವತ್ತಿನ ಕಥೆ ನಡೆದದ್ದು ಅಹಮದಾಬಾದ್, ವಡೋದರಾ, ಸೂರತ್, ಈ ಮೂರೂ ಊರಲ್ಲಿ. ವಿಡಿಯೋದಲ್ಲಿ ವಾದ್ಯ ಹಿಡ್ಕೊಂಡು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೀನಿ. ನಿಮ್ಮ ವಾದ್ಯ ಪಕ್ಕದಲ್ಲಿ ಇಟ್ಕೊಂಡು ಓದಿದ್ರೆ ಒಂದೊಂದೇ ಪರೀಕ್ಷೆ ಮಾಡಿ ನೋಡಬಹುದು.

ಹೋದ ವರ್ಷ ಬೇಸಿಗೆಯಲ್ಲಿ ನನ್ನ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಬೆಳಗ್ಗೆ ಎದ್ದು ಬ್ರಷ್ ಹಿಡಿಯೋಕೆ ಆಗ್ತಿರಲಿಲ್ಲ. ಆಫೀಸಲ್ಲಿ ಸ್ಪೇಸ್ ಬಾರ್ ಒತ್ತಿದಾಗೆಲ್ಲ ಮಣಿಕಟ್ಟಿನವರೆಗೂ ಚುಳ್ ಅಂತ ಎಳೀತಿತ್ತು. ಮೂಳೆ ಡಾಕ್ಟರು ನೋಡಿ, ಹೆಬ್ಬೆರಳಿನ ಬುಡದಲ್ಲಿ ಸ್ನಾಯುರಜ್ಜು ಊದಿದೆ ಅಂದ್ರು. ಆರು ವಾರ ವಾದ್ಯ ಮುಟ್ಟಬೇಡಿ, ಆಮೇಲೂ ಬಿಟ್ಟರೇ ಒಳ್ಳೇದು ಅಂದ್ರು. ಕೀಬೋರ್ಡ್ ಬಿಡೋಕಾಗಲ್ಲ, ಅದು ಹೊಟ್ಟೆಪಾಡು. ಹಾಗಾಗಿ ಬಿಡಬೇಕಾದ್ದು ಸ್ಯಾಕ್ಸೋಫೋನ್ ಅಂತ ಮನೆಯಲ್ಲೂ ತೀರ್ಮಾನ ಆಗಿಹೋಯ್ತು.

ಆ ವಾದ್ಯ ನನ್ನ ಸೋದರಮಾವನದ್ದು. ಬಂಟ್ವಾಳದ ಕಡೆ ಮದುವೆ, ಜಾತ್ರೆಗೆ ಮೂವತ್ತು ವರ್ಷ ನುಡಿಸಿದವರು. ಅವರ ಬಲ ಹೆಬ್ಬೆರಳ ಮೇಲೆ ಹುಣಸೆಬೀಜದಷ್ಟು ದೊಡ್ಡ ಗಂಟು ಇದೆ. ಚಿಕ್ಕವನಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡ್ತಿದ್ದೆ. "ವಿದ್ಯೆ ಸುಮ್ಮನೆ ಬರ್ತದಾ ಮಾರಾಯ, ಇದು ಅದರ ಕೂಲಿ" ಅಂತಿದ್ರು. ನನಗೆ ನೋವು ಶುರುವಾದಾಗ ನಾನೂ ಅದನ್ನೇ ನಂಬಿಕೊಂಡು ಇನ್ನೊಂದು ಗಂಟೆ ಜಾಸ್ತಿ ಅಭ್ಯಾಸ ಮಾಡಿದೆ. ಅದೇ ತಪ್ಪಾಗಿದ್ದು.

ಇವತ್ತು ಹೇಳೋಕೆ ಹೊರಟಿರೋದು ಇಷ್ಟೇ. ಸ್ಯಾಕ್ಸೋಫೋನ್‌ನಲ್ಲಿ ನೋವು ಕಾಣಿಸ್ಕೊಳ್ಳೋ ಜಾಗ ಒಂದು, ಅದರ ಕಾರಣ ಇರೋ ಜಾಗ ಇನ್ನೊಂದು. ನಮ್ಮ ಕೆಲಸದಲ್ಲೂ ಹೀಗೇ ಅಲ್ವಾ? ಎರರ್ ಬರೋದು ಒಂದು ಮಾಡ್ಯೂಲ್‌ನಲ್ಲಿ, ಬಗ್ ಇರೋದು ಎಲ್ಲೋ ಹಿಂದೆ. ನನ್ನ ಹೆಬ್ಬೆರಳಿನ ನೋವಿಗೆ ಕಾರಣ ಮೂರಿದ್ದವು. ಕುತ್ತಿಗೆ ಪಟ್ಟಿಯ ಉದ್ದ, ಹೆಬ್ಬೆರಳ ಹುಕ್ ಇದ್ದ ಜಾಗ, ಪ್ಯಾಡುಗಳ ಲೀಕ್. ಮೂರನ್ನೂ ಸರಿ ಮಾಡೋಕೆ ಹೊಸ ವಾದ್ಯ ಬೇಕಾಗಲಿಲ್ಲ.

ವಾದ್ಯ ನಮಗೆ ಬಗ್ಗಬೇಕು

ಮೊದಲು ಸ್ವಲ್ಪ ಹಿನ್ನೆಲೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಫ್ರಾನ್ಸ್‌ನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತಗೊಂಡಾಗ ಅದನ್ನು ದೊಡ್ಡದಾಗಿ ಬಳಸಿದ್ದು ಮಿಲಿಟರಿ ಬ್ಯಾಂಡುಗಳು. ನಿಂತು ನುಡಿಸೋದು, ನಡೀತಾ ನುಡಿಸೋದು. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡೂವರೆ ಗಂಟೆ ಕಛೇರಿ ಮಾಡೋರು ಅವನ ಲೆಕ್ಕದಲ್ಲಿ ಇರಲೇ ಇಲ್ಲ.

ಅದನ್ನು ಮಾಡಿ ತೋರಿಸಿದ್ದು ನಮ್ಮ ಕದ್ರಿ ಗೋಪಾಲನಾಥರು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪ ಮೂಡದಲ್ಲಿ ಹುಟ್ಟಿದವರು, ತಂದೆ ನಾಗಸ್ವರ ನುಡಿಸೋರು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ಕೂತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರೋಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು ಮಂಗಳೂರಲ್ಲಿ ತೀರಿಕೊಂಡರು. ನಮಗೆ ಇಲ್ಲಿ ಮುಖ್ಯವಾದದ್ದು ಒಂದು ವಿಷಯ. ಗಮಕಕ್ಕೆ ಒಗ್ಗೋ ಹಾಗೆ ಅವರು ವಾದ್ಯದಲ್ಲೇ ಬದಲಾವಣೆ ಮಾಡಿಕೊಂಡಿದ್ದರು. ಅಷ್ಟು ದೊಡ್ಡ ವಿದ್ವಾಂಸರೇ ವಾದ್ಯವನ್ನು ತಮಗೆ ಬಗ್ಗಿಸಿಕೊಂಡ ಮೇಲೆ, ನಾವು ಒಂದು ಸ್ಕ್ರೂ ತಿರುಗಿಸೋಕೆ ಯಾಕೆ ಹೆದರಬೇಕು?

ಅಹಮದಾಬಾದ್: ಪಟ್ಟಿ ಮತ್ತು ಗಾಳಿಪಟ

ಆರು ವಾರ ರಜೆ ಇತ್ತಲ್ಲ, ನುಡಿಸೋ ಬದಲು ಅಳೆಯೋಕೆ ಕೂತೆ. ಊರಿಗೆ ಹೋಗುವಾಗ ಲಗೇಜ್ ತೂಗೋ ಡಿಜಿಟಲ್ ಹುಕ್ ಸ್ಕೇಲ್ ಮನೆಯಲ್ಲಿತ್ತು. ಅದಕ್ಕೆ ನನ್ನ ಆಲ್ಟೋ ನೇತುಹಾಕಿದೆ. 2.45 ಕೆಜಿ. ಆಲ್ಟೋಗಳು ಸುಮಾರಾಗಿ ಎರಡೂವರೆ ಕೆಜಿ ಆಸುಪಾಸು, ಟೆನರ್ ಆದ್ರೆ ಮೂರು ಕೆಜಿ ದಾಟುತ್ತೆ.

ಆಮೇಲೆ ಪಟ್ಟಿಯನ್ನು ನಾನು ಯಾವಾಗಲೂ ಹಾಕೋ ಉದ್ದಕ್ಕೇ ಹಾಕಿಕೊಂಡು, ಹೆಬ್ಬೆರಳಿನ ಬದಲು ಆ ಸ್ಕೇಲಿನ ಹುಕ್ಕನ್ನು ವಾದ್ಯದ ಹೆಬ್ಬೆರಳ ಹುಕ್‌ಗೆ ಸಿಕ್ಕಿಸಿ, ಮೌತ್‌ಪೀಸ್ ಬಾಯಿಗೆ ಬರೋವರೆಗೂ ಎತ್ತೋಕೆ ಹೆಂಡತಿಗೆ ಹೇಳಿದೆ. ಒಂದು ಕೆಜಿಗಿಂತ ಸ್ವಲ್ಪ ಮೇಲೆ ತೋರಿಸ್ತು. ಅಂದ್ರೆ ವಾದ್ಯದ ಅರ್ಧದ ಹತ್ತಿರ ಭಾರವನ್ನು ದಿನಾ ಒಂದು ಗಂಟೆ ಒಂದೇ ಹೆಬ್ಬೆರಳು ಎತ್ತಿ ಹಿಡೀತಿತ್ತು. ಪಟ್ಟಿ ಕುತ್ತಿಗೆಯಲ್ಲಿ ಇತ್ತು ಅಷ್ಟೆ, ಅದು ಮಾಡಬೇಕಾದ ಕೆಲಸ ಮಾಡ್ತಿರಲಿಲ್ಲ.

ಕಾರಣ ಸುಲಭ. ಪಟ್ಟಿ ಉದ್ದ ಆಗಿತ್ತು. ಪಟ್ಟಿ ಉದ್ದ ಇದ್ದಾಗ ಇಬ್ಬರಲ್ಲಿ ಒಬ್ಬರು ರಾಜಿ ಆಗಬೇಕು. ಒಂದೋ ತಲೆ ಬಗ್ಗಿ ಮೌತ್‌ಪೀಸ್ ಹತ್ತಿರ ಹೋಗುತ್ತೆ, ಇಲ್ಲಾ ಹೆಬ್ಬೆರಳು ವಾದ್ಯವನ್ನು ಬಾಯಿಗೆ ಎತ್ತುತ್ತೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕತ್ತು ಚಾಚಿ ಕೂರೋ ನಮ್ಮಂಥವರು ಎರಡನ್ನೂ ಮಾಡ್ತೀವಿ, ಗೊತ್ತೇ ಆಗಲ್ಲ.

ಸರಿಯಾದ ಕ್ರಮ ಹೀಗೆ. ಮೊದಲು ವಾದ್ಯ ಇಲ್ಲದೆ ನೆಟ್ಟಗೆ ನಿಂತು ಎದುರಿನ ಗೋಡೆ ನೋಡಿ. ಭುಜ ಸಡಿಲ ಬಿಡಿ. ಈಗ ವಾದ್ಯ ಹಾಕಿಕೊಳ್ಳಿ, ತಲೆ ಅಲ್ಲಾಡಿಸಬೇಡಿ. ಮೌತ್‌ಪೀಸ್ ತಾನಾಗೇ ತುಟಿಗೆ ತಾಗೋವರೆಗೂ ಪಟ್ಟಿ ಗಿಡ್ಡ ಮಾಡ್ತಾ ಬನ್ನಿ. ನೀವು ಅದರ ಹತ್ತಿರ ಹೋಗೋದಲ್ಲ, ಅದು ನಿಮ್ಮ ಹತ್ತಿರ ಬರಬೇಕು. ಮೌತ್‌ಪೀಸ್ ಓರೆಯಾಗಿ ಬರ್ತಿದ್ರೆ ತಲೆ ಓರೆ ಮಾಡಬೇಡಿ. ನೆಕ್‌ನ ಸ್ಕ್ರೂ ಸಡಿಲ ಮಾಡಿ ನೆಕ್ ಸ್ವಲ್ಪ ತಿರುಗಿಸಿ, ಮೌತ್‌ಪೀಸನ್ನೂ ನೇರ ಮಾಡಿಕೊಳ್ಳಿ. ಕೂತು ನುಡಿಸುವಾಗ ಪಟ್ಟಿಯ ಉದ್ದ ಬದಲಾಗುತ್ತೆ, ಮತ್ತೆ ನೋಡಿಕೊಳ್ಳಬೇಕು. ನೆಲದ ಮೇಲೆ ಕೂರೋರು ಕುಂಡಿ ಕೆಳಗೆ ಒಂದು ಗಟ್ಟಿ ದಿಂಬು ಇಟ್ಟುಕೊಂಡ್ರೆ ವಾದ್ಯದ ತಳ ನೆಲಕ್ಕೆ ತಾಗಲ್ಲ, ಬೆನ್ನೂ ನೆಟ್ಟಗಿರುತ್ತೆ.

ಇನ್ನೊಂದು ವಿಷಯ. ಪಟ್ಟಿ ಸಿಕ್ಕಿಸೋ ಬಳೆ ಇರೋದು ವಾದ್ಯದ ಬೆನ್ನ ಕಡೆ, ಆದರೆ ಬೆಲ್ ಇರೋದು ಮುಂದೆ. ಭಾರದ ನಡುಬಿಂದು ಬಳೆಯಿಂದ ಸ್ವಲ್ಪ ಮುಂದೆ ಇರುತ್ತೆ. ಹಾಗಾಗಿ ವಾದ್ಯವನ್ನು ಅದರ ಪಾಡಿಗೆ ನೇತಾಡೋಕೆ ಬಿಟ್ಟರೆ ಕೆಳಭಾಗ ನಿಮ್ಮ ಕಡೆ ಬರುತ್ತೆ, ಮೌತ್‌ಪೀಸ್ ನಿಮ್ಮಿಂದ ದೂರ ಹೋಗುತ್ತೆ. ಇದನ್ನು ಸರಿ ಮಾಡೋದೇ ಬಲ ಹೆಬ್ಬೆರಳಿನ ನಿಜವಾದ ಕೆಲಸ. ಅದು ವಾದ್ಯವನ್ನು ಮೇಲಕ್ಕೆ ಎತ್ತಬಾರದು, ಮುಂದಕ್ಕೆ ಮೆಲ್ಲಗೆ ತಳ್ಳಬೇಕು. ತಳ್ಳೋಕೆ ಬೇಕಾಗೋ ಬಲ ಬಹಳ ಕಮ್ಮಿ.

ಇದು ನನಗೆ ಅರ್ಥ ಆಗಿದ್ದು ಉತ್ತರಾಯಣದಲ್ಲಿ. ಜನವರಿ 14ರ ಹಿಂದಿನ ರಾತ್ರಿ ನಮ್ಮ ಸೊಸೈಟಿಯ ಹುಡುಗರೆಲ್ಲ ಕೂತು ಗಾಳಿಪಟಕ್ಕೆ ಕಿನ್ನಾ ಕಟ್ತಾರೆ. ನಮ್ಮಲ್ಲಿ ಸೂತ್ರ ಅಂತೀವಲ್ಲ, ಅದು. ಮೇಲಿನ ತೂತಿನ ದಾರ, ಕೆಳಗಿನ ತೂತಿನ ದಾರ, ಎರಡರ ಉದ್ದ ಬೆರಳಲ್ಲಿ ಅಳೆದು ಗಂಟು ಹಾಕ್ತಾರೆ. ಗಂಟು ಒಂದು ಬೆರಳಷ್ಟು ಆಚೆ ಈಚೆ ಆದ್ರೆ ಪಟ ಲಾಗ ಹಾಕುತ್ತೆ, ಆಮೇಲೆ ಎಷ್ಟು ಎಳೆದರೂ ಕೈ ನೋಯೋದು ಬಿಟ್ಟು ಬೇರೇನೂ ಆಗಲ್ಲ. ಸ್ಯಾಕ್ಸೋಫೋನ್ ಪಟ್ಟಿಯೂ ಕಿನ್ನಾನೇ. ಕೆಲವು ಹೊಸ ವಾದ್ಯಗಳಲ್ಲಿ ಬಳೆಗೆ ಎರಡು ಮೂರು ತೂತು ಇರುತ್ತೆ. ಒಂದೊಂದರಲ್ಲೂ ಸಿಕ್ಕಿಸಿ ನೋಡಿ, ತೂಗೋ ರೀತಿ ಬೇರೆ ಬೇರೆ.

ಪಟ್ಟಿ ಗಿಡ್ಡ ಮಾಡಿ ಮತ್ತೆ ಅಳೆದಾಗ ಹೆಬ್ಬೆರಳ ಭಾರ 300 ಗ್ರಾಂಗೆ ಇಳೀತು. ಭಾರ ಮಾಯ ಆಗಲಿಲ್ಲ, ಪೂರ್ತಿ ಕುತ್ತಿಗೆಗೆ ಹೋಯ್ತು. ಅದಕ್ಕೆ ತೆಳು ನೈಲಾನ್ ಪಟ್ಟಿ ತೆಗೆದು ಎರಡೂ ಭುಜಕ್ಕೆ ಬರೋ ಹಾರ್ನೆಸ್ ಹಾಕಿಕೊಂಡೆ. ನೀರು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟರೆ ಮನೆ ತನಕ ತರಬಹುದು, ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆ ಆಗಲ್ಲ. ಕೊಡ ಅದೇ, ನೀರೂ ಅದೇ.

ಹುಕ್‌ನ ಸ್ಕ್ರೂ

ಹೆಬ್ಬೆರಳ ಹುಕ್ ಬಹಳಷ್ಟು ಈಗಿನ ವಾದ್ಯಗಳಲ್ಲಿ ಒಂದು ಸ್ಕ್ರೂ ಮೇಲೆ ಕೂತಿರುತ್ತೆ. ಸಡಿಲ ಮಾಡಿದ್ರೆ ಮೇಲೆ ಕೆಳಗೆ, ಅಕ್ಕಪಕ್ಕ ಸರಿಸಬಹುದು. ಮಾವನ ವಾದ್ಯದಲ್ಲಿ ಆ ಸ್ಕ್ರೂ ಕಿಲುಬು ಹಿಡಿದು ಕಾಣ್ತಾನೇ ಇರಲಿಲ್ಲ. ಒಂದು ಹನಿ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಬೆಳಗ್ಗೆ ತಿರುಗಿಸಿದರೆ ಬಂತು.

ಎಲ್ಲಿ ಇಡಬೇಕು? ವಾದ್ಯ ಪಕ್ಕಕ್ಕಿಟ್ಟು ಬಲಗೈಯನ್ನು ಸುಮ್ಮನೆ ಇಳಿಬಿಡಿ. ಬೆರಳುಗಳು ತಾವಾಗೇ ಮಡಚಿ ಲೋಟ ಹಿಡಿದ ಹಾಗೆ ನಿಲ್ಲುತ್ತವೆ. ಆ ಕೈಯನ್ನು ಹಾಗೇ ತಂದು ಕೀಗಳ ಮೇಲಿಡಿ. ಆಗ ಹೆಬ್ಬೆರಳು ಎಲ್ಲಿ ಬೀಳುತ್ತೋ ಅಲ್ಲಿ ಹುಕ್ ಇರಬೇಕು. ಸಾಮಾನ್ಯವಾಗಿ ತೋರುಬೆರಳಿನ ಎದುರಿಗೆ, ಇಲ್ಲಾ ತೋರುಬೆರಳು ಮಧ್ಯದ ಬೆರಳಿನ ನಡುವೆ. ಹುಕ್ ತಾಗಬೇಕಾದ್ದು ಉಗುರಿನ ಬುಡದ ಆಸುಪಾಸು. ಗೆಣ್ಣಿನ ಮೇಲೆ ಬಂದ್ರೆ ಅಲ್ಲೇ ಗಂಟು ಬೆಳೆಯೋದು. ನನ್ನದು ಒಂದು ಸೆಂಟಿಮೀಟರ್ ಕೆಳಗಿತ್ತು. ಮೇಲೆ ಸರಿಸಿ, ಹುಕ್‌ಗೆ ಸಿಲಿಕಾನ್ ಕೊಳವೆಯ ಒಂದು ತುಂಡು ಹಾಕಿದೆ, ಜಾರೋದೂ ನಿಂತಿತು.

ಅಹಮದಾಬಾದಿನ ಬಿಸಿಲಿಗೆ ಸಂಬಂಧಪಟ್ಟ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮೇ ತಿಂಗಳ ಒಣ ಹವೆಗೆ ನೆಕ್ ಮೇಲಿನ ಕಾರ್ಕ್ ಒಣಗಿ ಕುಗ್ಗುತ್ತೆ, ಮೌತ್‌ಪೀಸ್ ಸಡಿಲ ಆಗಿ ಅಲ್ಲಾಡುತ್ತೆ. ಅದನ್ನು ಸ್ಥಿರ ಮಾಡೋಕೆ ನಾವು ಹಲ್ಲು ಕಚ್ಚಿ ಹಿಡೀತೀವಿ, ದವಡೆ ನೋವು ಅಲ್ಲಿಂದ. ಕಾರ್ಕ್‌ಗೆ ವಾರಕ್ಕೊಮ್ಮೆ ಕಾರ್ಕ್ ಗ್ರೀಸ್ ಹಚ್ಚಿ. ರೀಡ್ ತುದಿ ಅಲೆ ಅಲೆಯಾಗಿದ್ದರೆ ನೀರಲ್ಲಿ ಎರಡು ನಿಮಿಷ ನೆನೆಸಿ. ನಿಲ್ಲಿಸಿದ ಕಾರಿನಲ್ಲಿ ವಾದ್ಯ ಬಿಟ್ಟು ಹೋಗಬೇಡಿ, ಪ್ಯಾಡ್ ಕೂರಿಸಿರೋ ಅಂಟು ಆ ಬಿಸಿಗೆ ಮೆತ್ತಗಾಗುತ್ತೆ.

ವಡೋದರಾ: ಲೀಕ್ ಹಿಡಿದವರು

ಇಷ್ಟೆಲ್ಲ ಮಾಡಿದರೂ ಮಂದ್ರದಲ್ಲಿ ನುಡಿಸುವಾಗ ಮಾತ್ರ ಕೈ ಬಿಗಿಯಾಗ್ತಿತ್ತು. ಪ್ರಾಜೆಕ್ಟ್ ಕೆಲಸಕ್ಕೆ ವಡೋದರಾಕ್ಕೆ ಹೋಗೋದಿತ್ತು, ರೈಲಲ್ಲಿ ನೂರು ಕಿಲೋಮೀಟರ್. ವಾದ್ಯ ಜೊತೆಗೇ ತಗೊಂಡು ಹೋದೆ.

ವಡೋದರಾಕ್ಕೂ ಮೈಸೂರಿಗೂ ಹಳೇ ನಂಟು. ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1886ರಲ್ಲಿ ಇಲ್ಲಿ ಸಂಗೀತ ಶಾಲೆ ಶುರು ಮಾಡಿದ ಮೌಲಾ ಬಕ್ಷ್ ಅದಕ್ಕೂ ಮೊದಲು ಮೈಸೂರು ಆಸ್ಥಾನದಲ್ಲಿ ಗೌರವ ಪಡೆದವರು, ಕರ್ನಾಟಕ ಸಂಗೀತ ಕಲಿತವರು. ಆ ಶಾಲೆಯೇ ಮುಂದೆ ಎಂ.ಎಸ್. ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ಆಯ್ತು. ಮೈಸೂರಿನ ಹಾಗೆ ಇಲ್ಲೂ ಅರಮನೆ ಬ್ಯಾಂಡ್ ಇತ್ತು. ಅರಸರ ಬ್ಯಾಂಡ್ ಹೋಯ್ತು, ಮದುವೆ ಬ್ಯಾಂಡ್ ಉಳೀತು. ಮಾಂಡವಿ ಕಡೆಯ ಹಳೇ ಪೇಟೆಯಲ್ಲಿ ಬ್ಯಾಂಡಿನವರ ವಾದ್ಯ ರಿಪೇರಿ ಮಾಡೋ ಒಬ್ಬ ಹಿರಿಯರ ಹತ್ತಿರ ಸಹೋದ್ಯೋಗಿಯೊಬ್ಬರು ಕಳಿಸಿದ್ರು.

ಅವರು ನನ್ನ ಹೆಬ್ಬೆರಳ ಕಥೆ ಪೂರ್ತಿ ಕೇಳಲೇ ಇಲ್ಲ. ಕೆಳಗಿನ ರಿ ನುಡಿಸು ಅಂದ್ರು. ನುಡಿಸಿದೆ. ಈಗ ನುಡಿಸ್ತಾ ನುಡಿಸ್ತಾ ಬೆರಳು ಹಗುರ ಮಾಡ್ತಾ ಹೋಗು ಅಂದ್ರು. ಸ್ವಲ್ಪ ಸಡಿಲ ಮಾಡಿದ್ದೇ ತಡ, ಸ್ವರ ಒಡೆದುಹೋಯ್ತು. "ಸಾಹೇಬ್ರೇ, ನೀವು ನುಡಿಸ್ತಿಲ್ಲ, ತೂತು ಮುಚ್ಚೋಕೆ ಕುಸ್ತಿ ಆಡ್ತಿದ್ದೀರಿ" ಅಂತ ಹಿಂದಿಯಲ್ಲಿ ಹೇಳಿ ನಕ್ಕರು.

ಒಳಗೆ ಒಂದು ಸಣ್ಣ ಎಲ್‌ಇಡಿ ಸರ ಇಳಿಬಿಟ್ಟು, ಅಂಗಡಿ ದೀಪ ಆರಿಸಿ, ಒಂದೊಂದೇ ಪ್ಯಾಡ್ ಮುಚ್ಚಿ ತೋರಿಸಿದ್ರು. ಬಲಗೈಯ ಎಫ್ ಕೀ ಒತ್ತಿದಾಗ ಅದರ ಪ್ಯಾಡೂ, ಮೇಲಿರೋ ಸಣ್ಣ ಪ್ಯಾಡೂ ಒಂದೇ ಸಲಕ್ಕೆ ಮುಚ್ಚಬೇಕು. ನನ್ನದರಲ್ಲಿ ನಡುವೆ ಇರೋ ಕಾರ್ಕ್ ಸವೆದು, ದೊಡ್ಡದು ಮುಚ್ಚಿದ ಮೇಲೂ ಸಣ್ಣದರಲ್ಲಿ ಬೆಳಕಿನ ಗೆರೆ ಕಾಣ್ತಿತ್ತು. ಕೂದಲೆಳೆಯಷ್ಟು. ಆ ಗೆರೆ ಮುಚ್ಚೋಕೆ ನಾನು ಬೆರಳು ಒತ್ತುತ್ತಿದ್ದೆ, ಬೆರಳು ಒತ್ತಿದಷ್ಟೂ ಎದುರು ಕಡೆಯಿಂದ ಹೆಬ್ಬೆರಳು ಒತ್ತಬೇಕು. ಇಕ್ಕಳದ ಹಾಗೆ. ನೋವು ಹೆಬ್ಬೆರಳಲ್ಲಿ, ಸವೆದಿದ್ದು ಒಂದು ಚೂರು ಕಾರ್ಕ್.

ಅವರು ಆ ಕಾರ್ಕ್ ಬದಲಾಯಿಸಿ, ಎರಡು ಪ್ಯಾಡ್ ಹೊಸದು ಹಾಕಿ, ಬಲಗೈ ಸ್ಪ್ರಿಂಗುಗಳನ್ನು ಸಣ್ಣ ಕೊಕ್ಕೆಯಿಂದ ಎಳೆದು ಎಲ್ಲ ಕೀಗಳೂ ಒಂದೇ ಸಮ ಹಗುರ ಇರೋ ಹಾಗೆ ಮಾಡಿದ್ರು. ಒಂದು ಕೀ ಗಟ್ಟಿ, ಪಕ್ಕದ್ದು ಮೆತ್ತಗೆ ಇದ್ದರೆ ಕೈ ಎಲ್ಲಕ್ಕೂ ಗಟ್ಟಿಯದರ ಬಲವನ್ನೇ ಹಾಕುತ್ತೆ. ಬ್ಯಾಲೆನ್ಸ್ ಅಂದ್ರೆ ನೇತಾಡೋ ಭಾರ ಒಂದೇ ಅಲ್ಲ, ಇದೂ ಬ್ಯಾಲೆನ್ಸೇ.

ಈ ಪರೀಕ್ಷೆ ನೀವೂ ಮನೇಲಿ ಮಾಡಿ. ಬೆರಳು ಹಗುರ ಮಾಡ್ತಾ ಹೋದಾಗ ಸ್ವರ ಎಲ್ಲಿ ಒಡೆಯುತ್ತೆ ನೋಡಿ. ತೆಳು ಸಿಗರೇಟ್ ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡ್ ಕೆಳಗಿಟ್ಟು, ಮೆಲ್ಲಗೆ ಮುಚ್ಚಿ ಎಳೀರಿ. ಸುತ್ತಲೂ ಒಂದೇ ಬಿಗಿ ಇರಬೇಕು. ಆದರೆ ಸ್ಪ್ರಿಂಗ್ ಬಗ್ಗಿಸೋದು, ಕೀ ಬಗ್ಗಿಸೋದು ನಾವೇ ಮಾಡೋದು ಬೇಡ. ಸೂಜಿ ಸ್ಪ್ರಿಂಗ್ ಪಟ್ ಅಂತ ಮುರಿಯುತ್ತೆ.

ಸೂರತ್: ಚಿಕ್ಕ ಕೈ, ತೇವದ ಗಾಳಿ

ಸೂರತ್‌ನಲ್ಲಿ ಅಡಾಜಣ್ ಕಡೆ ಉಡುಪಿಯ ಸ್ನೇಹಿತರೊಬ್ಬರಿದ್ದಾರೆ. ಅವರ ಮಗಳಿಗೆ ಹನ್ನೆರಡು ವರ್ಷ, ಆಲ್ಟೋ ಕಲೀತಿದ್ದಾಳೆ. ಮೇಲಿನ ಷಡ್ಜ ದಾಟಿದ ಕೂಡಲೇ ಅಳು. ಅಂಗೈಯಿಂದ ಒತ್ತೋ ಎಡಗೈಯ ಮೂರು ಕೀಗಳು ಅವಳಿಗೆ ಎಟುಕೋದಿಲ್ಲ, ಎಟುಕಿಸೋಕೆ ಹೋಗಿ ಇಡೀ ಕೈ ತಿರುಚ್ತಾಳೆ. ಮಗುವಿಗೆ ಅಭ್ಯಾಸ ಸಾಲದು ಅಂತ ಅಪ್ಪ ಬೈತಿದ್ರು.

ಅಹಮದಾಬಾದಿನ ರಿಲೀಫ್ ರೋಡಲ್ಲಿ ತಗೊಂಡಿದ್ದ ದಪ್ಪ ಹೀಟ್ ಶ್ರಿಂಕ್ ಕೊಳವೆ ನನ್ನ ಬ್ಯಾಗಲ್ಲಿತ್ತು, ವೈರಿಗೆ ಹಾಕ್ತೀವಲ್ಲ ಅದೇ. ಬಿಸಿ ಮಾಡಿದ್ರೆ ಪ್ಯಾಡಿಗೆ ತೊಂದರೆ, ಹಾಗಾಗಿ ಬಿಸಿ ತೋರಿಸದೆ ಹಾಗೇ ಕತ್ತರಿಸಿ, ಎರಡು ಪದರ ಮಾಡಿ, ಆ ಕೀಗಳ ಮೇಲೆ ದಬ್ಬಲ್ ಟೇಪಿನಿಂದ ಅಂಟಿಸಿದೆ. ಮೂರು ನಾಲ್ಕು ಮಿಲಿಮೀಟರ್ ಎತ್ತರ ಬಂತು. ಬೇಡ ಅಂದ್ರೆ ಕಿತ್ತು ಹಾಕಬಹುದು. ಹಾರ್ನೆಸ್ಸನ್ನೂ ಅವಳ ಅಳತೆಗೆ ಕಟ್ಟಿದೆವು. ಅರ್ಧ ಗಂಟೆಯಲ್ಲಿ ಆ ಹುಡುಗಿ ಮೇಲಿನ ರಿಷಭ ಹಿಡಿದಳು. ಅಪ್ಪ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡ್ಕೊಂಡು ಬಂದ್ರು.

ಸೂರತ್‌ನ ತೊಂದರೆ ಅಹಮದಾಬಾದಿಗೆ ಉಲ್ಟಾ. ಸಮುದ್ರ ಹತ್ತಿರ, ಮಳೆಗಾಲದಲ್ಲಿ ನಮ್ಮ ಮಂಗಳೂರಿನ ಹಾಗೇ ಜಿಗಿ ಜಿಗಿ. ಯಾವಾಗಲೂ ಮುಚ್ಚಿಕೊಂಡಿರೋ ಜಿ ಶಾರ್ಪ್ ಪ್ಯಾಡ್ ಅಂಟಿಕೊಂಡು ಏಳೋದೇ ಇಲ್ಲ. ಕಿರುಬೆರಳಿನ ಮೇಲೆ ಸಿಟ್ಟು ಮಾಡ್ಕೋಬೇಡಿ. ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಿ, ಆ ಪ್ಯಾಡ್ ಕೆಳಗೆ ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ತೇವ ಹೀರಿಸಿ. ವಾದ್ಯ ಒದ್ದೆ ಇರುವಾಗ ಪೆಟ್ಟಿಗೆ ಮುಚ್ಚಬೇಡಿ.

ಕೊನೆಗೆ

ಆರು ವಾರ ಕಳೆದು ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿದೆ. ನೋವು ಬಂದ್ರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕೋದು, ಇದೊಂದೇ ನಿಯಮ. ಬೆರಳು ಜೋಮು ಹಿಡಿದ್ರೆ, ರಾತ್ರಿ ನೋವಿಗೆ ಎಚ್ಚರ ಆದ್ರೆ ಈ ಲೇಖನ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ. ನನ್ನ ಡಾಕ್ಟರಿಗೂ ಆಮೇಲೆ ವಾದ್ಯ ತಗೊಂಡು ಹೋಗಿ ತೋರಿಸಿದೆ. ಹೀಗಾದ್ರೆ ನುಡಿಸಿ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಕೆಳಗಿಡಿ ಅಂದ್ರು.

ನವೆಂಬರಿನ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರೆದುರು ಹನ್ನೆರಡು ನಿಮಿಷ ಹಂಸಧ್ವನಿ ನುಡಿಸಿದೆ. ದೊಡ್ಡ ಸಾಧನೆ ಏನಲ್ಲ, ಎರಡು ಕಡೆ ತಪ್ಪಿದೆ. ಆದರೆ ಮಾರನೇ ದಿನ ಬೆಳಗ್ಗೆ ಬ್ರಷ್ ಆರಾಮಾಗಿ ಹಿಡಿದೆ.

ಆವತ್ತೇ ಮಾವನಿಗೆ ವಾದ್ಯದ ಫೋಟೋ ಕಳಿಸಿದೆ. ಹುಕ್ ಒಂದು ಸೆಂಟಿಮೀಟರ್ ಮೇಲೆ ಸರಿಸಿದ್ದೀನಿ ಮಾವ, ಅಲ್ಲಿ ಒಂದು ಸ್ಕ್ರೂ ಇದೆ ಅಂತ ಬರೆದೆ. ಐದು ನಿಮಿಷಕ್ಕೆ ಫೋನ್ ಬಂತು.

"ಅದು ತಿರುಗ್ತದಾ?" ಅಂದ್ರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು ಕೇಳಿಸ್ತು. "ಮೂವತ್ತು ವರ್ಷ ನಾನು ಅದನ್ನು ಬರೇ ಅಲಂಕಾರಕ್ಕೆ ಇಟ್ಟದ್ದು ಅಂತ ಎಣಿಸಿದ್ದೆ ಮಾರಾಯ."

ಈ ವಾರ ನಿಮ್ಮ ವಾದ್ಯದ ಹಿಂದೆ ಆ ಸ್ಕ್ರೂ ಎಲ್ಲಿದೆ ಹುಡುಕಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.